ಒಂದು ಹೆಸರಿಗೆ ಎದ್ದ ಇಬ್ಬರು

ಅರ್ಜಿ ಒಂದೇ ಪುಟದ್ದಿತ್ತು. ಇಳಕಲ್ ಹತ್ತಿರದ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಕಲ್ಲಿನ ಅಂಚು ಪಾಲಿಶ್ ಮಾಡುತ್ತಿದ್ದ ಕಾರ್ಮಿಕನನ್ನು ಒಂದು ಮುಂಜಾನೆ ಗೇಟಿನಲ್ಲೇ ತಡೆದು ಮನೆಗೆ ಕಳಿಸಿದ್ದಾರೆ. ನೋಟಿಸಿಲ್ಲ, ವಿಚಾರಣೆಯಿಲ್ಲ. ಮರಳಿ ಕೆಲಸ ಕೊಡಿಸಬೇಕು. ಕೆಳಗೆ ದುಂಡಗಿನ ಅಕ್ಷರದಲ್ಲಿ ಸಹಿ. ಇಂಥವು ನಮ್ಮ ಕಚೇರಿಗೆ ಹೊಸವಲ್ಲ. ಓದಿದವಳೇ, “ಇದು ಎರಡು ಬೈಠಕ್ಕಿನ ಕೆಲಸ ಬಿಡ್ರಿ” ಎಂದು ಗುಮಾಸ್ತರಿಗೆ ಹೇಳಿಬಿಟ್ಟೆ. ಬಾಯಿ ಸುಮ್ಮನಿದ್ದರೆ ಚೆನ್ನಾಗಿತ್ತು.

ನಾನು ಬಾಗಲಕೋಟೆಯಲ್ಲಿ ಸಂಧಾನಾಧಿಕಾರಿ. ಈ ಹುದ್ದೆಯವರನ್ನು ಜನ ನ್ಯಾಯಾಧೀಶರೆಂದೇ ತಿಳಿಯುತ್ತಾರೆ. ಅಲ್ಲ. ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಮಾಲೀಕರ ಕಡೆಯವರನ್ನೂ ಕಾರ್ಮಿಕರನ್ನೂ ಒಂದೇ ಮೇಜಿಗೆ ಕರೆಸುವುದು, ಬೇಕಾದ ಕಾಗದ ತರಿಸಿ ನೋಡುವುದು, ಮಾತಾಡಿಸುವುದು, ಇಷ್ಟೇ. ಒಪ್ಪಿದರೆ ಒಪ್ಪಂದ ಬರೆದು ಸಹಿ ಹಾಕಿಸುತ್ತೇನೆ. ಒಪ್ಪದಿದ್ದರೆ ‘ಸಂಧಾನ ವಿಫಲ’ ಎಂದು ವರದಿ ಬರೆಯುತ್ತೇನೆ. ಆಮೇಲೆ ಕಾರ್ಮಿಕ ನ್ಯಾಯಾಲಯ, ಅಲ್ಲಿ ಎಷ್ಟು ವರ್ಷವೋ ದೇವರೇ ಬಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವುದೇ ನನ್ನ ನೌಕರಿ. ನಮ್ಮಲ್ಲಿ ಜವಾನನ ಹುದ್ದೆ ಖಾಲಿ ಇರುವುದರಿಂದ ಪಕ್ಷಗಾರರ ಹೆಸರು ಕೂಗುವವರೂ ಕಡತ ಹೊಲಿಯುವವರೂ ಒಬ್ಬರೇ, ನಮ್ಮ ಗುಮಾಸ್ತರು.

ಎರಡೂ ಕಡೆಗೆ ರಿಜಿಸ್ಟರ್ ಅಂಚೆಯಲ್ಲಿ ನೋಟಿಸು ಹೋಯಿತು. ಮೊದಲ ದಿನ ಕಾರ್ಖಾನೆಯ ಪರವಾಗಿ ಮ್ಯಾನೇಜರು ಬಂದರು. ಒಂದು ವರ್ಷದ ಹಿಂದಷ್ಟೇ ಕೆಲಸಕ್ಕೆ ಸೇರಿದ್ದ ಚುರುಕು ಮನುಷ್ಯ, ಮಾಲೀಕರ ಅಧಿಕಾರಪತ್ರ, ಲಿಖಿತ ತಕರಾರು ಎಲ್ಲ ಅಚ್ಚುಕಟ್ಟಾಗಿ ಜೋಡಿಸಿಕೊಂಡು ಬಂದಿದ್ದರು. ತಕರಾರಿನಲ್ಲಿ ಒಂದೇ ಮಾತು: ಈ ಕಾರ್ಮಿಕ ಯಾವ ವರ್ಷವೂ ಇನ್ನೂರ ನಲವತ್ತು ದಿನ ಕೆಲಸ ಮಾಡಿಲ್ಲ. ವರ್ಷಕ್ಕೆ ಅಷ್ಟು ದಿನ ದುಡಿದವನನ್ನು ನೋಟಿಸು ಕೊಡದೆ ತೆಗೆಯುವ ಹಾಗಿಲ್ಲ. ಅಷ್ಟು ತುಂಬದಿದ್ದರೆ ಕಾನೂನಿನ ಆಸರೆ ಅರ್ಧಕ್ಕರ್ಧ ಕಳಚಿ ಬೀಳುತ್ತದೆ.

ಎದುರಿಗೆ ಅರ್ಜಿದಾರ. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು, ನಡುನಡುವೆ ಕೆಮ್ಮು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಹೆಸರಿನಿಂದಲೇ ಅವರಿಗೆ ಸಾಕಷ್ಟು ತಾಪತ್ರಯ ಆಗಿದೆ.

“ಎಷ್ಟು ದಿನ ಕೆಲಸ ಮಾಡೀರಿ ವರ್ಷಕ್ಕ?” ಎಂದು ಕೇಳಿದೆ.

“ಮೇಡಂರಿ, ಹನ್ನೊಂದ ವರ್ಷದಾಗ ಆ ಜಾಗಾ ಒಂದಿನಾನೂ ಖಾಲಿ ಬಿಟ್ಟಿಲ್ರಿ.”

ಸೇರಿದ ಮೊದಲ ದಿನವನ್ನು ಚಂದ ಮಾಡಿ ಹೇಳಿದರು. ಕೆಂಪು ಕಲ್ಲಿನ ಹಲಗೆ, ಪಾಲಿಶ್ ಮಷಿನ್ನಿನಿಂದ ಮೈಮೇಲೆಲ್ಲ ಎರಚಿದ ನೀರು, ಮನೆಗೆ ಹೋದಾಗ ಹೆಂಡತಿ ಗುರುತು ಹಿಡಿಯದೆ ನಕ್ಕದ್ದು. ಆದರೆ ಗೇಟಿನಲ್ಲಿ ತಡೆದ ದಿನದ ಬಗ್ಗೆ ಕೇಳಿದಾಗ ತಡವರಿಸಿದರು.

“ನಿಲ್ಲಿಸಿದವರು ಯಾರು?”

“ವಾಚ್‌ಮನ್ ಇರಬೇಕ್ರಿ.”

“ಇರಬೇಕು ಅಂದ್ರ? ನೀವ ಅಲ್ಲೇ ಇದ್ರಿ ಅಲ್ಲೇನ್ರಿ?”

ಅವರಿಗೆ ಕೆಮ್ಮು ಬಂತು. ಗುಮಾಸ್ತರು ನೀರು ಕೊಟ್ಟರು. ಕಚೇರಿ ಎಂದರೆ ಹೆದರುವ ಬಡಪಾಯಿ ಎಂದುಕೊಂಡು ಅಲ್ಲಿಗೇ ಬಿಟ್ಟೆ. ಕಾರ್ಖಾನೆಯ ಹಾಜರಿ ಪುಸ್ತಕಗಳನ್ನು ತರಬೇಕೆಂದು ಮ್ಯಾನೇಜರಿಗೆ ಹೇಳಿ, ಅವತ್ತಿನ ಕಲಾಪದ ಹಾಳೆಗೆ ಇಬ್ಬರ ಸಹಿ ಹಾಕಿಸಿ, ಮೂರು ವಾರ ಮುಂದಕ್ಕೆ ಹಾಕಿದೆ.

ಎರಡನೆಯ ಬೈಠಕ್ಕಿನ ಹೊತ್ತಿಗೆ ಅರ್ಜಿದಾರರಿಗೆ ಅದೆಲ್ಲಿಂದಲೋ ಕಸುವು ಬಂದಿತ್ತು. ಕೇಳುವ ಮೊದಲೇ ಗೇಟಿನ ಕಥೆ ಶುರು ಮಾಡಿದರು. ಕಾರ್ಖಾನೆಯವರು ಹೊಸದಾಗಿ ಮುಖ ನೋಡಿ ಹಾಜರಿ ಹಾಕುವ ಮಷಿನ್ ಕೂರಿಸಿದ್ದರಂತೆ.

“ಅದರ ಮುಂದ ಮಾರಿ ಹಿಡದೇನ್ರಿ, ಕೆಂಪ ದೀಪ ಹತ್ತಿತ್ರಿ. ಒಂದಲ್ಲ, ನಾಕ ಸಲ ಹಿಡದೆ. ವಾಚ್‌ಮನ್ ಅಂತಾನ, ನೀ ನೀ ಅಲ್ಲ ಅಂತೈತಿ ನೋಡಪಾ ಮಷಿನ್ನು, ಮನೀಗೆ ಹೋಗು ಅಂದ.”

ಮ್ಯಾನೇಜರು ತಟ್ಟನೆ ಅಡ್ಡ ಬಾಯಿ ಹಾಕಿದರು. “ಅದೆಲ್ಲಾ ಈಗ ಬ್ಯಾಡ್ರಿ ಮೇಡಂ. ನಮ್ಮ ತಕರಾರು ದಿನದ ಮ್ಯಾಲಷ್ಟೇ ಐತಿ.”

ನನಗೆ ಸಿಟ್ಟು ಬಂದದ್ದು ಅರ್ಜಿದಾರರ ಮೇಲೆ. “ಇದನ್ನ ಹ್ವಾದ ಸಲ ಯಾಕ ಹೇಳಲಿಲ್ರಿ? ಅವತ್ತ ಬಾಯಾಗ ಅಕ್ಕಿಕಾಳು ಹಾಕ್ಕೊಂಡಿದ್ರೇನು?” ಅವರು ತಲೆ ಕೆರೆದುಕೊಂಡರು. ಇರಲಿ ಎಂದು, ಕೆಲಸಕ್ಕೆ ಸೇರಿದ ತಿಂಗಳು ಯಾವುದು, ದಾಖಲೆಗೆ ಬೇಕು ಎಂದೆ. ನೆನಪಿಲ್ಲ ಎಂದರು. ಮೂರು ವಾರದ ಹಿಂದೆ ಮೊದಲ ದಿನದ ನೀರು ಎರಚಿದ್ದನ್ನೂ ಹೇಳಿದ ಮನುಷ್ಯನಿಗೆ ತಿಂಗಳು ನೆನಪಿಲ್ಲ! ಇವರಿಗೆ ಬುದ್ಧಿ ಕಡಿಮೆಯೋ, ನನ್ನ ಕಿವಿಗೇ ಏನಾದರೂ ಆಗಿದೆಯೋ ತಿಳಿಯಲಿಲ್ಲ.

ಹಾಜರಿ ಪುಸ್ತಕಗಳು ಗೋಣಿಚೀಲದಲ್ಲಿ ಬಂದಿದ್ದವು. ನಾನೂ ಗುಮಾಸ್ತರೂ ಒಂದೊಂದೇ ತೆರೆದು ಎಣಿಸಿದೆವು. ಎಣಿಸುತ್ತ ಹೋದಂತೆ ನನ್ನ ತಲೆ ತಿರುಗಿತು. ಯಾವ ವರ್ಷ ನೋಡಿದರೂ ಆ ಹೆಸರಿನ ಮುಂದೆ ವಾರದ ರಜೆ ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ದಿನವೂ ಹಾಜರಿ. ಇನ್ನೂರ ನಲವತ್ತು ಯಾವಾಗಲೋ ದಾಟಿ ಹೋಗಿದೆ. ಮ್ಯಾನೇಜರು ತಮ್ಮ ಪುಸ್ತಕ ತಾವೇ ತಂದು ತಮ್ಮ ತಕರಾರನ್ನು ತಾವೇ ಸುಳ್ಳು ಮಾಡಿದ್ದರು.

“ಏನ್ರಿ ಇದು? ನಿಮ್ಮ ಪುಸ್ತಕಾನ ಎಲ್ಲಾ ದಿನಾ ಬಂದಾನ ಅಂತೈತಿ.”

“ಹಂಗ ಕಾಣ್ತೈತ್ರಿ. ಆದರ ಅದು ಲೆಕ್ಕಕ್ಕ ಬರೂದಿಲ್ರಿ.”

“ಯಾಕ ಬರೂದಿಲ್ಲ?”

“ಬರೂದಿಲ್ರಿ ಅಷ್ಟ.” ಕಿಟಕಿಯಾಚೆ ನೋಡತೊಡಗಿದರು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವುದು ನಮ್ಮ ಕಚೇರಿಯಲ್ಲಿ ದಿನವೂ ಇರುವುದೇ. ಇಲ್ಲಿ ಎತ್ತು ತಾನೇ ಏರಿಗೂ ನೀರಿಗೂ ಎಳೆಯುತ್ತಿತ್ತು. ಆದರೂ ಪುಸ್ತಕ ಪುಸ್ತಕವೇ. ಕೆಲಸಕ್ಕೆ ಮರಳಿ ತೆಗೆದುಕೊಳ್ಳುವ ಬಗ್ಗೆ ಮಾಲೀಕರನ್ನು ಕೇಳಿಕೊಂಡು ಬನ್ನಿ ಎಂದು ಮ್ಯಾನೇಜರಿಗೆ ಹೇಳಿ, ಪುಸ್ತಕಗಳನ್ನು ಕಚೇರಿಯಲ್ಲೇ ಇರಿಸಿಕೊಂಡು ರಸೀದಿ ಕೊಟ್ಟೆ.

ಸಂಜೆ ಗುಮಾಸ್ತರು ಕಡತ ಹೊಲಿಯಲು ಕೂತವರು ದಾರ ಬಿಟ್ಟು ನನ್ನ ಹತ್ತಿರ ಬಂದರು. ಮೊದಲ ಬೈಠಕ್ಕಿನ ಹಾಳೆಯನ್ನೂ ಅವತ್ತಿನ ಹಾಳೆಯನ್ನೂ ಪಕ್ಕಪಕ್ಕ ಇಟ್ಟರು. ಒಂದೇ ಹೆಸರು. ಒಂದರಲ್ಲಿ ಅರ್ಜಿಯಲ್ಲಿದ್ದ ಅದೇ ದುಂಡಗಿನ ಅಕ್ಷರ. ಇನ್ನೊಂದರಲ್ಲಿ ಬಲಕ್ಕೆ ವಾಲಿದ ಚೂಪು ಅಕ್ಷರ.

“ಮೇಡಂ, ಇವತ್ತ ಬಂದಾಂವ ಹ್ವಾದ ಸಲ ಬಂದಾಂವ ಅಲ್ರಿ” ಎಂದರು.

ಹಾಜರಿ ಪುಸ್ತಕ ಮತ್ತೆ ತೆರೆದೆವು. ಕಾರ್ಮಿಕರು ದಿನವೂ ಮಾಡುವ ಸಹಿಯ ಸಾಲು. ಎರಡು ದಿನ ದುಂಡಗೆ, ಮೂರು ದಿನ ಚೂಪು. ಒಂದು ವಾರ ಪೂರ್ತಿ ದುಂಡಗೆ, ಮುಂದಿನ ಹದಿನೈದು ದಿನ ಚೂಪು. ವರ್ಷಗಟ್ಟಲೆ ಹೀಗೇ. ಈಚೀಚಿನ ವರ್ಷಗಳಲ್ಲಿ ಚೂಪು ಅಕ್ಷರವೇ ಜಾಸ್ತಿ.

ನನಗೆ ನಾಚಿಕೆಯಾಯಿತು. ಕಾರ್ಖಾನೆಯ ಗೇಟಿನ ಮಷಿನ್ ಒಂದು ಕ್ಷಣದಲ್ಲಿ ಹಿಡಿದದ್ದನ್ನು ಎರಡು ಬೈಠಕ್ಕಿನಲ್ಲಿ ಮೂರಡಿ ದೂರ ಕೂತು ನಾನು ಹಿಡಿದಿರಲಿಲ್ಲ. ನಾನು ನೋಡಿದ್ದು ಬಿಳಿ ಅಂಗಿ ಮತ್ತು ಟವೆಲ್ಲು. ಉಳಿದ ಹೊತ್ತೆಲ್ಲ ಕಾಗದ ನೋಡಿದ್ದೆ. ನಾಚಿಕೆಯ ಹಿಂದೆಯೇ ಸಿಟ್ಟು. ಸರಕಾರಿ ಕಲಾಪದ ಹಾಳೆಯಲ್ಲಿ ಇನ್ನೊಬ್ಬನ ಹೆಸರು ಬರೆಯುವ ಧೈರ್ಯ ಯಾರದ್ದು? ಮೋಸಗಾರ ಅರ್ಜಿದಾರನೋ, ಎಲ್ಲ ಗೊತ್ತಿದ್ದೂ ಸುಮ್ಮನೆ ಕೂತ ಮ್ಯಾನೇಜರೋ? ಗೊತ್ತಿದ್ದರೆ ಯಾಕೆ ಹೇಳಲಿಲ್ಲ? ವಿದ್ಯಾಗಿರಿ ಬಡಾವಣೆಯ ನನ್ನ ಮನೆಗೆ ಹೋದ ಮೇಲೂ ಅದೇ ಗುಂಗು. ಊಟಕ್ಕೆ ಕೂತು ರೊಟ್ಟಿ ಮುರಿದು ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದೆನಂತೆ, ಮನೆಯವರು ನಗುತ್ತಿದ್ದರು.

ಮರುವಾರ ಹುನಗುಂದದಲ್ಲಿ ಬೇರೆ ತಪಾಸಣೆ ಇತ್ತು. ಅದನ್ನು ಮುಗಿಸಿ ಇಳಕಲ್ ಬಸ್ಸು ಹತ್ತಿದೆ. ಅರ್ಜಿಯಲ್ಲಿದ್ದ ವಿಳಾಸ ನೇಕಾರರ ಓಣಿಯದು. ಓಣಿಯ ತುಂಬ ಮಗ್ಗದ ಸದ್ದು. ಬಾಗಿಲಲ್ಲಿ ನಿಂತು ನೋಡಿದೆ. ಒಳಗೆ ಕುಣಿ ಮಗ್ಗದಲ್ಲಿ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು, ಮೊದಲ ಬೈಠಕ್ಕಿಗೆ ಬಂದವರು ಕೂತು ನೇಯುತ್ತಿದ್ದರು. ನನ್ನನ್ನು ಕಂಡು ಗಾಬರಿಯಿಂದ ಎದ್ದರು. ಅವರು ಎದ್ದು ಮೇಲೆ ಬರುವಷ್ಟರಲ್ಲಿ ಒಳಗಿನಿಂದ ಎರಡನೆಯ ಬೈಠಕ್ಕಿಗೆ ಬಂದವನು ಬಂದು ಅದೇ ಕುಣಿಯಲ್ಲಿ ಇಳಿದು ಲಾಳಿ ಕೈಗೆ ತೆಗೆದುಕೊಂಡ. ಯಾರೂ ಯಾರಿಗೂ ಏನೂ ಹೇಳಲಿಲ್ಲ, ಮಗ್ಗದ ಸದ್ದು ಒಂದು ಉಸಿರಿನಷ್ಟೂ ನಿಲ್ಲಲಿಲ್ಲ. ಅಣ್ಣ ತಮ್ಮ ಎಂದು ಈಗ ಮುಖ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು.

ಬೈಯಬೇಕೆಂದೇ ಹೋದವಳು ನಾನು. ಬೈದೆ ಕೂಡ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಸಹಿ ಮಾಡುವುದು ಅಪರಾಧ ಎಂದೆ.

ಅಣ್ಣ ನಿಜವಾಗಿಯೂ ಕಕ್ಕಾಬಿಕ್ಕಿಯಾದರು. “ಮೇಡಂರಿ, ಈ ಮಗ್ಗ ನಮ್ಮಪ್ಪನ ಹೆಸರಿನ್ಯಾಗ ಐತಿ. ಅಪ್ಪ ಸತ್ತು ಭಾಳ ವರ್ಷ ಆತು. ಈಗೂ ಸಾವಕಾರ ಸೀರಿ ಬರಕೊಳ್ಳೂದು ಅಪ್ಪನ ಹೆಸರಿಗೇನ. ನಾ ಕುಂತರೇನು, ಇಂವ ಕುಂತರೇನು, ನನ್ನ ಹೇಣ್ತಿ ಕುಂತರೇನು, ಸೀರಿ ಒಂದ ಅಲ್ಲೇನ್ರಿ? ಕುಣಿ ಖಾಲಿ ಬಿಡಬಾರದ್ರಿ, ಅಷ್ಟ.”

ಕಾರ್ಖಾನೆಯ ಕೆಲಸವನ್ನೂ ಅವರು ಹಾಗೇ ತಿಳಿದಿದ್ದರು. ಸೇರಿದ್ದು ಅಣ್ಣ. ಕೆಲ ದಿನ ಕಳೆದು ಮೈ ಸರಿಯಿಲ್ಲದಾಗ ತಮ್ಮ ಹೋಗಿ ನಿಂತ. ಆಗಿನ ಮೇಸ್ತ್ರಿಯೂ ಅದೇ ಓಣಿಯವನು, ಅವನಿಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಕಲ್ಲಿನ ಧೂಳು ಅಣ್ಣನ ಎದೆಗೆ ಇಳಿಯುತ್ತ ಹೋದಂತೆ ತಮ್ಮನ ಪಾಳಿ ಹೆಚ್ಚುತ್ತ ಹೋಯಿತು. ಮಷಿನ್ನಿಗೆ ಮುಖ ತೋರಿಸಿ ದಾಖಲು ಮಾಡಿಸಿದ ದಿನ ಹೋದದ್ದು ಅಣ್ಣ, ಮರುದಿನ ಹೋದದ್ದು ತಮ್ಮ. ಹೊಸ ಮ್ಯಾನೇಜರು ಬೇರೆಯವನ ಹೆಸರಿನಲ್ಲಿ ನುಗ್ಗುತ್ತಿದ್ದಾನೆಂದು ಆ ಹೆಸರನ್ನೇ ಹೊಡೆದು ಹಾಕಿದರು. ಬೈಠಕ್ಕಿಗೂ ಪಾಳಿಯ ಮೇಲೇ ಬಂದಿದ್ದರು. ಎರಡನೆಯ ಸಲ ಅಣ್ಣನಿಗೆ ಉಸಿರು ಕಟ್ಟಿತ್ತಂತೆ, “ತಾರೀಕು ಖಾಲಿ ಬಿಡಬಾರದು ಅಂತ ನಾ ಬಂದೇನ್ರಿ” ಎಂದ ತಮ್ಮ.

“ಈಗ ಹೆಸರು ಹೋದ್ರ ಏನಾಗತೈತಿ?”

ಅಣ್ಣ ಗೋಡೆಯ ಮೊಳೆಗೆ ನೇತುಹಾಕಿದ್ದ ಪ್ಲಾಸ್ಟಿಕ್ ಚೀಲ ತೋರಿಸಿದರು. ಔಷಧಿ, ಎಕ್ಸ್‌ರೇ, ಕಾರ್ಮಿಕರ ವಿಮೆಯ ಚೀಟಿ. “ಹೆಸರ ಹೋದ್ರ ಈ ಚೀಟಿನೂ ಹೊಕ್ಕೈತ್ರಿ. ದವಾಖಾನಿಯವ್ರು ಒಳಗ ಬಿಡೂದಿಲ್ಲ.”

ಬಸ್ಸಿನಲ್ಲಿ ಕೂತು ಬರುವಾಗ ನನ್ನ ಸಿಟ್ಟೆಲ್ಲ ಇಳಿದು ಬರೀ ಗೊಂದಲ ಉಳಿದಿತ್ತು. ಮ್ಯಾನೇಜರ ‘ಲೆಕ್ಕಕ್ಕೆ ಬರುವುದಿಲ್ಲ’ ಈಗ ಅರ್ಥವಾಯಿತು. ಒಂದು ಹೆಸರಿನ ದಿನಗಳನ್ನು ಇಬ್ಬರಿಗೆ ಹಂಚಿದರೆ ಎಷ್ಟೋ ವರ್ಷ ಒಬ್ಬನಿಗೂ ಇನ್ನೂರ ನಲವತ್ತು ತುಂಬುವುದಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ, ಇಷ್ಟು ವರ್ಷ ದಾಖಲೆಯೇ ಇಲ್ಲದ ಮನುಷ್ಯನನ್ನು ಪಾಲಿಶ್ ಮಷಿನ್ ಮುಂದೆ ನಿಲ್ಲಿಸಿದ್ದಕ್ಕೆ ಕಾರ್ಖಾನೆ ಉತ್ತರ ಕೊಡಬೇಕಾಗುತ್ತದೆ. ಎರಡೂ ಕಡೆಯವರು ಮುಚ್ಚಿಟ್ಟಿದ್ದು ಒಂದೇ ಸಂಗತಿಯನ್ನು. ನಾನು ಸತ್ಯ ಬರೆದರೆ ಅಣ್ಣನ ಚೀಟಿ ಹೋಗುತ್ತದೆ, ಇಬ್ಬರ ಕೆಲಸವೂ ಹೋಗುತ್ತದೆ. ಬರೆಯದಿದ್ದರೆ ನನ್ನ ಕಡತದಲ್ಲಿ ಗೊತ್ತಿದ್ದೂ ಸುಳ್ಳು ಉಳಿಯುತ್ತದೆ. ಇಷ್ಟು ವರ್ಷದ ನೌಕರಿಯಲ್ಲಿ ಯಾರ ಪರ ಎಂದು ಅಲ್ಲ, ಏನು ಕೇಳಬೇಕು ಎಂದೇ ತಿಳಿಯದೆ ಕೂತದ್ದು ಅದೇ ಮೊದಲು.

ಮೂರನೆಯ ಬೈಠಕ್ಕಿಗೆ ಇಬ್ಬರೂ ಬನ್ನಿ ಎಂದು ಹೇಳಿ ಬಂದಿದ್ದೆ. ಗುಮಾಸ್ತರು ರೂಢಿಯಂತೆ ಬಾಗಿಲಲ್ಲಿ ನಿಂತು ಹೆಸರು ಕೂಗಿದರು. ಬೆಂಚಿನಿಂದ ಇಬ್ಬರು ಎದ್ದರು. ಗುಮಾಸ್ತರು ನನ್ನ ಕಡೆ ನೋಡಿದರು, ನಾನು ಮ್ಯಾನೇಜರ ಕಡೆ ನೋಡಿದೆ, ಮ್ಯಾನೇಜರು ಫ್ಯಾನು ನೋಡಿದರು.

ಆಗ ಒಂದು ತೀರ್ಮಾನ ಮಾಡಿದೆ. ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟೆ. ಸಂಧಾನದಲ್ಲಿ ಗುಟ್ಟಾಗಿ ಇಡಿ ಎಂದು ಆಡಿದ ಮಾತನ್ನು ನಾನು ಹೊರಗೆ ಹಾಕುವ ಹಾಗಿಲ್ಲ, ಈ ತಾಸು ಇಲ್ಲಿ ನಿಜ ಮಾತ್ರ ಆಡೋಣ ಎಂದೆ. ಆದರೆ ಹಾಜರಿ ಪುಸ್ತಕಗಳು ನನ್ನ ಕಪಾಟಿನಲ್ಲಿವೆ, ವಿಫಲ ವರದಿ ಹೋದರೆ ಅವೂ ಅದರ ಜೊತೆಗೇ ಹೋಗುತ್ತವೆ, ಅವುಗಳಲ್ಲಿರುವ ಎರಡು ಕೈಬರಹ ಕುರುಡನಿಗೂ ಕಾಣುತ್ತದೆ ಎಂದು ಮ್ಯಾನೇಜರಿಗೆ ತಿಳಿಸಿದೆ.

ಅವರು ನಿಟ್ಟುಸಿರು ಬಿಟ್ಟರು. “ಯಾವ ಕಲ್ಲು ಯಾರು ಪಾಲಿಶ್ ಮಾಡ್ಯಾರ ಅಂತ ನಮಗೂ ಗೊತ್ತಿಲ್ರಿ. ಕೆಲಸ ಮಾತ್ರ ಬರೋಬ್ಬರಿ. ಇವ್ರ ಹೋದಾಗಿಂದ ಅಂಚಿನ ಕೆಲಸ ನಿಂತೈತಿ, ಅದೂ ಖರೆ. ಅಣ್ಣನ್ನ ಒಬ್ಬನ್ನ ತೊಗೋತೇವಿ, ಮುಗಿಸಿಬಿಡ್ರಿ.”

ಅಣ್ಣ ಕೂಡಲೇ ಒಪ್ಪಿದರು. ಹೆಸರು ಉಳಿಯುತ್ತದೆ, ಚೀಟಿ ಉಳಿಯುತ್ತದೆ. ಇನ್ನೇನು ಬೇಕು? ತಮ್ಮನೂ ತಲೆಯಾಡಿಸಿದ. ಅಲ್ಲಿಗೆ ಮುಗಿಸಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು. ಆದರೆ ಮಷಿನ್ನಿಗೆ ಮುಖ ತೋರಿಸಿ ಅಣ್ಣ ಒಳಗೆ ಹೋಗುವುದು, ಆಮೇಲೆ ಯಾವುದೋ ಸಂದಿಯಿಂದ ತಮ್ಮ ಹೋಗಿ ಕಲ್ಲಿನ ಮುಂದೆ ನಿಲ್ಲುವುದು, ಇದೇ ನಡೆಯುತ್ತದೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ತಮ್ಮನ ಕಡೆ ತಿರುಗಿದೆ.

“ನಾಳೆ ಪಾಲಿಶ್ ಮಷಿನ್ನಿಗೆ ನಿನ್ನ ಕೈ ಸಿಗತೈತಿ ಅಂತ ಇಟ್ಕೋ ತಮ್ಮಾ. ಕಾಗದದಾಗ ಯಾರ ಕೈ ಹೋತು ಅಂತ ಬರೀಬೇಕು?”

ಅಣ್ಣ ತಮ್ಮನ ಕೈಗಳನ್ನೇ ನೋಡುತ್ತ ಕೂತರು. ನೀರಿನಲ್ಲಿ ಬಿರಿದು, ಬೆರಳ ತುದಿಯೆಲ್ಲ ಕಲ್ಲಿನ ಬಣ್ಣ ಹಿಡಿದ ಕೈಗಳು. ಆಮೇಲೆ, “ಇವನ ಹೆಸರ ಬರೀರಿ ಮೇಡಂ. ನಂದು ಹ್ವಾದ್ರ ಹೋಗಲಿ” ಎಂದರು.

“ಏ ಅಣ್ಣಾ, ಹುಚ್ಚ ಆಗೀಯೇನು? ಹೆಸರ ತಗದ್ರ ಔಷಧ ಯಾರ ಕೊಡ್ತಾರ?” ಎಂದು ತಮ್ಮ ಎದ್ದು ನಿಂತ. ಇಬ್ಬರೂ ನನ್ನ ಮೇಜಿನ ಮುಂದೆಯೇ ಜಗಳಕ್ಕೆ ಬಿದ್ದರು, ನಿನ್ನದು ಉಳಿಯಲಿ, ಇಲ್ಲ ನಿನ್ನದು ಉಳಿಯಲಿ ಎಂದು. ಎರಡು ಕಡೆಯವರ ಜಗಳ ಬಿಡಿಸಿ ಗೊತ್ತಿದ್ದ ನನಗೆ ಒಂದೇ ಕಡೆಯವರ ಜಗಳ ಬಿಡಿಸುವುದು ಹೇಗೆಂದು ತಿಳಿಯಲಿಲ್ಲ.

ಕಡೆಗೆ ಎರಡು ಹೆಸರೂ ಬರೆಯೋಣ ಎಂದೆ. ಮ್ಯಾನೇಜರು ಒಂದು ಜಾಗಕ್ಕೆ ಇಬ್ಬರು ಹೇಗೆ ಎಂದು ಹೊರಗೆ ಹೋಗಿ ಮಾಲೀಕರಿಗೆ ಮೂರು ಸಲ ಫೋನು ಮಾಡಿ ಬಂದರು. ಅಳೆದೂ ಸುರಿದೂ ಮಧ್ಯಾಹ್ನದ ಹೊತ್ತಿಗೆ ಮೂರು ಷರತ್ತುಗಳಾದವು. ಅಣ್ಣ ಹನ್ನೊಂದು ವರ್ಷದ ಸೇವೆಯೊಂದಿಗೆ ಮರಳಿ ಕೆಲಸಕ್ಕೆ, ಧೂಳಿನಿಂದ ದೂರ, ವಾರಕ್ಕೆ ಮೂರು ದಿನ ಅಂಚು ಪರೀಕ್ಷೆ ಮಾಡುವುದು. ತಮ್ಮ ಅವತ್ತಿನಿಂದ ಹೊಸ ಕಾರ್ಮಿಕ. ಅವನಿಗೂ ಮೂರೇ ದಿನ ಎಂದರು, ನಾನು ಹಟ ಹಿಡಿದು ಆರು ದಿನ ಬರೆಸಿದೆ, ಮುಂದೆ ಇನ್ನೂರ ನಲವತ್ತು ಅವನ ಹೆಸರಿಗೇ ಬೀಳಲಿ ಎಂದು. ಮೂರನೆಯದು ಮಾಲೀಕರ ಷರತ್ತು: ಹಿಂದಿನ ವರ್ಷಗಳ ಬಗ್ಗೆ ತಮ್ಮ ಏನನ್ನೂ ಕೇಳುವ ಹಾಗಿಲ್ಲ.

ಆ ಮೂರನೆಯದನ್ನು ಬರೆಸಲು ನನಗೆ ಮನಸ್ಸಿರಲಿಲ್ಲ. ಈಚಿನ ವರ್ಷಗಳ ದುಡಿಮೆ ಬಹುಪಾಲು ಅವನದೇ. ತಮ್ಮನಿಗೆ ಎರಡೆರಡು ಸಲ ಬಿಡಿಸಿ ಹೇಳಿದೆ: ಇದಕ್ಕೆ ಸಹಿ ಹಾಕಿದರೆ ಇಷ್ಟು ವರ್ಷ ನೀನು ಅಲ್ಲಿ ಇರಲೇ ಇಲ್ಲ ಎಂದಾಗುತ್ತದೆ, ಬೇಡವೆಂದರೆ ನ್ಯಾಯಾಲಯಕ್ಕೆ ಹೋಗಬಹುದು, ನಾನು ತಡೆಯುವುದಿಲ್ಲ.

“ಇರಲಿ ಬಿಡ್ರಿ. ಅಣ್ಣನ ಕಡೆ ಇದ್ರ ಮನ್ಯಾಗ ಇದ್ದಂಗ” ಎಂದು ಅವನು ನಕ್ಕ.

ಗುಮಾಸ್ತರು ಒಪ್ಪಂದವನ್ನು ಟೈಪು ಮಾಡಿ ಗಟ್ಟಿಯಾಗಿ ಓದಿದರು. ಮ್ಯಾನೇಜರು ಸಹಿ ಹಾಕಿದರು. ಅಣ್ಣ ದುಂಡಗಿನ ಅಕ್ಷರದಲ್ಲಿ ಸಹಿ ಮಾಡಿದರು. ಪೆನ್ನು ತಮ್ಮನ ಕೈಗೆ ಬಂತು. ಅವನು ಹಾಳೆಯ ಮೇಲೆ ಬಾಗಿ, ತಡೆಯದೆ, ಸರಸರನೆ ಬರೆದುಕೊಟ್ಟ. ನಾನು ಓದಿದೆ. ಚೂಪು ಅಕ್ಷರದಲ್ಲಿ ಅಣ್ಣನ ಹೆಸರು.

ಮೊದಲು ನಕ್ಕವರು ಅಣ್ಣ. ನಗುತ್ತ ನಗುತ್ತ ಕೆಮ್ಮು ಬಂತು, ಟವೆಲ್ಲಿನಿಂದ ಕಣ್ಣೊರೆಸಿಕೊಂಡರು, ಕೆಮ್ಮಿಗೋ ಮತ್ತೆ ಯಾತಕ್ಕೋ. ತಮ್ಮ ತನ್ನ ಕೈಯನ್ನೇ ಬೇರೆಯವರದೆಂಬಂತೆ ನೋಡಿಕೊಂಡ.

“ತಪ್ಪಾತ್ರಿ ಮೇಡಂರಿ. ನಂದ ಬರದು ಭಾಳ ದಿನ ಆತು.”

ಗುಮಾಸ್ತರು ಹೊಸ ಪ್ರತಿ ತೆಗೆದರು. ಈ ಸಲ ಅವನು ಒಂದು ಅಕ್ಷರ ಬರೆದು ನಿಲ್ಲಿಸಿ, ಇನ್ನೊಂದು ಬರೆದು ನಿಲ್ಲಿಸಿ, ಶಾಲೆಗೆ ಹೊಸದಾಗಿ ಸೇರಿದವನ ಹಾಗೆ ತನ್ನ ಹೆಸರು ಮುಗಿಸಿದ. ಅಣ್ಣ ಪಕ್ಕದಲ್ಲಿ ನಿಂತು ಒಂದೊಂದೇ ಅಕ್ಷರವನ್ನು ತುಟಿಯಲ್ಲಿ ಹೇಳಿಕೊಳ್ಳುತ್ತಿದ್ದರು.

ಅವರು ಹೋದ ಮೇಲೆ ಗುಮಾಸ್ತರು ಕಡತ ಹೊಲಿಯಲು ಕೂತರು. ಕೆಟ್ಟುಹೋದ ಮೊದಲ ಪ್ರತಿ ಮೇಜಿನ ಮೇಲೇ ಇತ್ತು. ಒಂದೇ ಹೆಸರು, ಒಂದರ ಕೆಳಗೊಂದು, ಎರಡು ಕೈಬರಹದಲ್ಲಿ. ನಾನು ಮಾಡಿದ್ದು ಸರಿಯೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಹನ್ನೊಂದು ವರ್ಷ ಆ ಕಲ್ಲಿನ ಮುಂದೆ ಯಾರಿದ್ದರು ಎಂದು ನಿಜ ಹೇಳುವ ಹಾಳೆ ನಮ್ಮ ಬೈಠಕ್ಕುಗಳಲ್ಲಿ ಹುಟ್ಟಿದ್ದು ಅದೊಂದೇ.

“ಇದನ್ನ ಹರದ ಹಾಕಲೇನ್ರಿ ಮೇಡಂ?” ಎಂದು ಗುಮಾಸ್ತರು ಕೇಳಿದರು.

“ಬ್ಯಾಡ್ರಿ, ಇಲ್ಲಿ ಕೊಡ್ರಿ” ಎಂದು ಇಸಿದುಕೊಂಡು ನನ್ನ ಡ್ರಾವರಿನಲ್ಲಿಟ್ಟೆ.